ಚಿತ್ರದ ಮುಂದೆ ನಿಲ್ಲುವವರು

ವರ್ಷಾರಂಭದ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳಿಗೆ ಎಡೆಯಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಯ ದಿನ ಅದು. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಸಂಸಾರಗಳು ಹಸಿರು ಮಾರ್ಗದ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿಳಿದು, ಮಕ್ಕಳ ಕೈಹಿಡಿದು ಅತ್ತ ಸಾಗುತ್ತವೆ. ರಸ್ತೆಯ ಎರಡೂ ಬದಿಯಲ್ಲಿ ಚಿತ್ರಗಳು. ಅವುಗಳ ಪಕ್ಕದಲ್ಲಿ ಬಿಸಿಲಿಗೆ ಟವೆಲು ಹೊದ್ದು ಕುಳಿತ ಕಲಾವಿದ. ಬಂದವರಲ್ಲಿ ಬಹಳ ಮಂದಿ ಮಾಡುವ ಮೊದಲ ಕೆಲಸವೆಂದರೆ ಚಿತ್ರಕ್ಕೆ ಬೆನ್ನು ತಿರುಗಿಸಿ ನಿಲ್ಲುವುದು! ಚಾಚಿ ಹಿಡಿದ ಫೋನಿನಲ್ಲಿ ತಮ್ಮ ಮುಖ ಮುಂದೆ, ಚಿತ್ರ ಹಿಂದೆ. ಬರೆದಾತನು ಅಡ್ಡವಾಗದಿರಲೆಂದು ತಾನೇ ಕುರ್ಚಿ ಸರಿಸಿಕೊಳ್ಳುತ್ತಾನೆ. ಅವನ ಹೆಸರು ಕೇಳುವವರು ಕಡಿಮೆ. ಬೆಲೆ ಕೇಳುವವರು ಇನ್ನೂ ಕಡಿಮೆ.

ಈ ಗುಂಪಿನ ನಡುವೆ ಹೊಸ ಕಸುಬಿನವರೂ ಉಂಟು. ಇನ್‌ಫ್ಲುಯೆನ್ಸರ್ ಎಂದು ಅವರಿಗೆ ಹೆಸರು. ಇಂದು ದೋಸೆ ಹೋಟೆಲು, ನಾಳೆ ಸೀರೆಯಂಗಡಿ, ನಾಡಿದ್ದು ಚಿತ್ರಸಂತೆ. ಅರ್ಧ ನಿಮಿಷದ ರೀಲಿನಲ್ಲಿ ಎಲ್ಲವೂ ಅಡಕ. ಅವರನ್ನು ಹಳಿಯುವುದು ಸುಲಭ. ಅವರ ರೀಲು ನೋಡಿಯೇ ಸಂತೆಗೆ ಬರುವವರೂ ಇದ್ದಾರೆಂಬುದನ್ನು ಒಪ್ಪಬೇಕು. ಆದರೆ ಅವರು ಮಾರುವ ಸರಕು ಯಾವುದು? ನೋಡುವವರ ಗಮನ. ಮಾಹಿತಿ ಹೆಚ್ಚಿದಂತೆಲ್ಲ ಗಮನಕ್ಕೆ ಬರ ಬರುತ್ತದೆಂದು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1971ರಲ್ಲಿಯೇ ಹೇಳಿದ್ದರು. ಚಿತ್ರಗಳಿಗಂತೂ ಈ ಬರ ಹಳೆಯದು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಪ್ರೇಕ್ಷಕನು ಮೇರುಕೃತಿಯೊಂದರ ಮುಂದೆ ನಿಂತದ್ದು ಸರಾಸರಿ 27 ಸೆಕೆಂಡು. ಆಗಿನ್ನೂ ಎಲ್ಲರ ಜೇಬಿಗೂ ಕ್ಯಾಮೆರಾ ಬಂದಿರಲಿಲ್ಲ.

ಇದರ ಪೆಟ್ಟು ತಗಲುವುದು ಕಲಾಶಾಲೆಯಿಂದ ಆಗತಾನೆ ಹೊರಬಿದ್ದ ತರುಣನಿಗೆ. ಗ್ಯಾಲರಿಯ ಬಾಡಿಗೆ ಅವನಿಗೆ ನಿಲುಕದು. ಫೋನಾದರೆ ಕೈಯಲ್ಲೇ ಇದೆ. 2021ರಲ್ಲಿ ಕೊರೋನಾ ಕಾರಣದಿಂದ ಚಿತ್ರಸಂತೆಯೇ ಅಂತರ್ಜಾಲಕ್ಕೆ ಏರಬೇಕಾಯಿತಲ್ಲವೆ? ಆದರೆ ಫೋನಿನಲ್ಲಿ ಗೆಲ್ಲುವುದು ಬರೆದ ಚಿತ್ರವಲ್ಲ, ಬರೆಯುವ ಚಮತ್ಕಾರ: ಒಂದೇ ನಿಮಿಷದಲ್ಲಿ ಭಾವಚಿತ್ರ, ತಲೆಕೆಳಗಾಗಿ ಬರೆದ ಭಾವಚಿತ್ರ. ಎರಡು ತಿಂಗಳು ಕುಳಿತು ಬರೆದ ಕೆರೆಯ ದೃಶ್ಯಕ್ಕೆ ಅಲ್ಲಿ ಯಾರ ಹೆಬ್ಬೆರಳೂ ತಡೆಯದು. ಅವನು ಯಾವುದನ್ನು ಬರೆಯಬೇಕು?

ಜನರ ಗಮನವನ್ನೇ ಬಣ್ಣದಂತೆ ಬಳಸಿದ ಕಲಾವಿದರೂ ಈ ಊರಿನಲ್ಲಿದ್ದಾರೆ. ಮೈಸೂರಿನಿಂದ ಬಂದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿಯನ್ನು ಇಳಿಬಿಟ್ಟರು. ನಗರ ನಕ್ಕಿತು, ಪಾಲಿಕೆ ಎಚ್ಚೆತ್ತಿತು. 2019ರ ಸೆಪ್ಟೆಂಬರಿನಲ್ಲಿ ನಡೆದದ್ದು ಇದಕ್ಕಿಂತ ಸೊಗಸು. ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಇಳಿಯಲಿದ್ದ ವಾರ ಅದು. ಗಗನಯಾತ್ರಿಯ ಉಡುಪು ತೊಟ್ಟ ನಟ ಪೂರ್ಣಚಂದ್ರ ಮೈಸೂರು, ಕುಳಿಗಳ ನಡುವೆ ತೇಲುವಂತೆ ಹೆಜ್ಜೆಯಿಡುತ್ತಾರೆ. ನೋಡುವವನು ಇದು ಚಂದ್ರಲೋಕವೇ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲೊಂದು ಆಟೋರಿಕ್ಷಾ ಹಾದುಹೋಗುತ್ತದೆ! ಅದು ತುಂಗಾನಗರದ ರಸ್ತೆ. ವಿಡಿಯೋ ದೇಶವೆಲ್ಲ ಸುತ್ತಿತು. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯವರು ಕೂಡಲೆ ದುರಸ್ತಿಗೆ ತೊಡಗಿದರು. ಚಂದ್ರಯಾನದ ಲ್ಯಾಂಡರ್ ಸೆಪ್ಟೆಂಬರ್ 7ರಂದು ಸಂಪರ್ಕ ಕಳೆದುಕೊಂಡಿತೆಂಬುದು ಬೇರೆ ವಿಷಾದದ ಕಥೆ.

ಅರ್ಜಿಗಳಿಂದಾಗದ ಕೆಲಸ ಕಲೆಯಿಂದಾದದ್ದು ಸಣ್ಣ ಮಾತಲ್ಲ. ಆದರೆ ಆ ಕೃತಿಗೆ ಬೇಕಾದದ್ದು ಒಂದು ಕ್ಷಣದ ಬೆರಗು ಮಾತ್ರ. ರಸ್ತೆ ಸರಿಹೋದೊಡನೆ ಅದರ ಕೆಲಸ ಮುಗಿಯಿತು. ಕೆ. ವೆಂಕಟಪ್ಪನವರ (1886–1965) ಉದಕಮಂಡಲದ ಜಲವರ್ಣಗಳ ಮುಂದೆ ಹಾಗೆ ಹಾದುಹೋದವನಿಗೆ ಕಾಣುವುದು ಮಂಜು ಅಷ್ಟೆ. ನಿಂತರೆ ತಾನೆ ಮಂಜಿನೊಳಗಿನ ಬೆಟ್ಟ, ಬೆಟ್ಟದ ಮೇಲಣ ಬೆಳಕು! ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಅವರು ಜನರ ಗದ್ದಲದಿಂದ ದೂರವಾಗಿ ಬಾಳಿದರು. ಇಂದಿನ ತರುಣನಿಗೆ ಆ ಏಕಾಂತ ಕೈಗೂಡುವುದೆಂತು? ತಿಂಗಳ ಮೊದಲ ವಾರ ಮನೆ ಬಾಡಿಗೆ ಕಟ್ಟಬೇಕು.

ನಾಟಕದವರು ಈ ವಿಷಯದಲ್ಲಿ ಜಾಣರು. 2004ರಲ್ಲಿ ತೆರೆದ ಜೆ.ಪಿ. ನಗರದ ರಂಗಶಂಕರದಲ್ಲಿ, ಆಟ ಶುರುವಾದ ಮೇಲೆ ಬಂದವರಿಗೆ ಟಿಕೆಟ್ಟಿದ್ದರೂ ಪ್ರವೇಶವಿಲ್ಲ; ಒಳಗೆ ಫೋನು ಮಾತನಾಡುವಂತಿಲ್ಲ. ಬೀದಿಯಲ್ಲಿ ಬಿಸಿಲಿಗೆ ನಿಂತ ಚಿತ್ರಕ್ಕೆ ಮುಚ್ಚಲು ಬಾಗಿಲೆಲ್ಲಿದೆ?

ಸಂಜೆಯಾಗುತ್ತಲೆ ಸಂತೆಯ ಗದ್ದಲ ತಗ್ಗುತ್ತದೆ. ರೀಲು ತೆಗೆಯುವವರು ಬೆಳಕು ಹೋಯಿತೆಂದು ಹೊರಡುತ್ತಾರೆ. ಚೌಕಾಸಿ ಮಾಡುವ ಗೃಹಿಣಿಯರು ಬರುವುದು ಆಗಲೇ. ಅವರು ಚಿತ್ರದ ಹತ್ತಿರ ಬಾಗುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಇದು ಯಾವ ಊರಿನ ಕೆರೆಯೆಂದು ಕೇಳುತ್ತಾರೆ. ಉತ್ತರ ಹೇಳಲು ಕಲಾವಿದ ಕುರ್ಚಿಯಿಂದ ಏಳುತ್ತಾನೆ. ರಾತ್ರಿ ಬನಶಂಕರಿಯ ಕಡೆಗೆ ಹೋಗುವ ರೈಲಿನಲ್ಲಿ, ತರಕಾರಿ ಚೀಲಗಳ ನಡುವೆ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದೆರಡು ಸುರುಳಿಗಳು ಕಾಣಸಿಗುತ್ತವೆ.