ತಂತಿಯ ಆಂಟೆನಾ: ಎಲ್ಲಿ ಸಾಕು, ಎಲ್ಲಿ ಸಾಲದು

ಕೋಳಿಗೂಡಿನ ಜಾಲರಿಯಲ್ಲೂ ಟಿವಿ ಬರುತ್ತದೆಂಬುದನ್ನು ಕರ್ನಾಟಕ 1975ರಲ್ಲೇ ಕಂಡಿದೆ. ಎಟಿಎಸ್-6 ಉಪಗ್ರಹದಿಂದ ಹಳ್ಳಿಗಳಿಗೆ ನೇರ ಟಿವಿ ತಲುಪಿಸಿದ 'ಸೈಟ್' ಪ್ರಯೋಗಕ್ಕಾಗಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಲ್ಲಿ ನಿಂತದ್ದು ಅಂಥದೇ ಜಾಲರಿಯ ಛತ್ರಿ. ಹಾಗಾದರೆ ಇಂದು ದಾಂಡೇಲಿಯಲ್ಲೋ ಜೋಯಿಡಾದಲ್ಲೋ ಮನೆಯ ತಂತಿ, ಜಾಲರಿ ಜೋಡಿಸಿ ಚಂದನ ವಾಹಿನಿ ಯಾಕೆ ನೋಡಬಾರದು? ಉತ್ತರ ಅಲೆಯ ಉದ್ದದಲ್ಲಿದೆ. ಅಂದಿನ ಅಲೆ ಸುಮಾರು 35 ಸೆಂ.ಮೀ.; ಜಾಲರಿಯ ಕಣ್ಣು ಅದಕ್ಕೆ ಲೆಕ್ಕಕ್ಕಿರಲಿಲ್ಲ. ಇಂದು ಚಂದನವನ್ನು ತರುವ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್‌ನ ಅಲೆ ಎರಡೂವರೆ ಸೆಂ.ಮೀ. ಆಸುಪಾಸು, ಅದೇ ಕಣ್ಣು ಇದಕ್ಕೆ ತೆರೆದ ಬಾಗಿಲು. ಛಾವಣಿಯ ಮೀನೆಲುಬಿನ ಆಂಟೆನಾಗಳು ಹಿಡಿಯುತ್ತಿದ್ದ ಅನಲಾಗ್ ಪ್ರಸಾರವನ್ನಂತೂ ದೂರದರ್ಶನ 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿದೆ.

ಹಾಗೆಂದು ಕೈಕೆಲಸ ವ್ಯರ್ಥವೇ? ಎಫ್‌ಎಂ ರೇಡಿಯೊಗೆ ಅದು ಇಂದಿಗೂ ಸಲ್ಲುತ್ತದೆ. 100 ಮೆಗಾಹರ್ಟ್ಸ್‌ಗೆ ಅರ್ಧ ಅಲೆ ಒಂದೂವರೆ ಮೀಟರ್. ತಲಾ ಮುಕ್ಕಾಲು ಮೀಟರಿನ ಎರಡು ತಂತಿಗಳನ್ನು ಒಣಬಿದಿರಿಗೆ ಎದುರುಬದುರಾಗಿ ಕಟ್ಟಿ, ನಡುವಿನಿಂದ ಕೇಬಲ್ ಇಳಿಸಿದರಾಯಿತು. ಅಂಗಡಿಯದು ಮೇಲಲ್ಲವೇ ಎನ್ನುವವರಿಗೆ ಒಂದು ಮಾತು: ಅಲೆ ಅಳತೆಯನ್ನು ನೋಡುತ್ತದೆ, ಬೆಲೆಯನ್ನಲ್ಲ. ಆದರೆ ಗುಡ್ಡ ಅಡ್ಡ ಬರುತ್ತದೆಂಬ ಆಕ್ಷೇಪ ನಿಜವಾದದ್ದು. ಈ ಅಲೆಗಳು ಬಹುಮಟ್ಟಿಗೆ ನೇರ ಸಾಗುವುದರಿಂದ ಹಳಿಯಾಳ, ಮುಂಡಗೋಡದ ಬಯಲಲ್ಲಿ ಸಿಕ್ಕೀತೆಂಬ ಭರವಸೆ ಜೋಯಿಡಾದ ಕಣಿವೆಯಲ್ಲಿಲ್ಲ. ಅಲ್ಲಿ ತಂತಿಗಿಂತ ಎತ್ತರವೇ ಮುಖ್ಯ. ಟಿವಿಗೆ ಮಾತ್ರ ಕಾರ್ಖಾನೆಯ ತಟ್ಟೆಯನ್ನೇ ಕೊಳ್ಳಿ. ಗುಡುಗು ಶುರುವಾಗುವ ಮುನ್ನ ಛಾವಣಿಯ ಕೇಬಲನ್ನು ಕಳಚಿಡಿ.