ಹರಿದ ಬೆತ್ತದ ಕುರ್ಚಿ ಗುಜರಿಗೆ ಬೇಡ

ಅಜ್ಜನ ಕಾಲದ ತೇಗದ ಕುರ್ಚಿ.
ಕಾಲು ಗಟ್ಟಿ, ಕೈ ಗಟ್ಟಿ.
ಕೂರುವ ಜಾಗದಲ್ಲಿ ಮಾತ್ರ ತೂತು.
ಗುಜರಿಗೆ ಹಾಕಬೇಕಾ?

ಬೇಡ. ಹರಿದಿರೋದು ಬೆತ್ತ ಮಾತ್ರ.
ಅದನ್ನ ಮತ್ತೆ ಹೆಣೆಯಬಹುದು.

ತೆಂಗಿನ ಮರ ಗೊತ್ತಲ್ಲ?
ಬೆತ್ತವೂ ತೆಂಗಿನ ಕುಲದ್ದೇ!
ಆದರೆ ನೆಟ್ಟಗೆ ನಿಲ್ಲಲ್ಲ.
ಪಶ್ಚಿಮ ಘಟ್ಟದ ಕಾಡಲ್ಲಿ, ಮುಳ್ಳಿನ ಕೊಕ್ಕೆ ಹಾಕಿ ಮರ ಹತ್ತುತ್ತೆ.
ಅದರ ಹೊರಸಿಪ್ಪೆ ಸೀಳಿ ತೆಗೆದ ನುಣುಪು ಪಟ್ಟಿಯಿಂದಲೇ ಕುರ್ಚಿ ಹೆಣೆಯೋದು.

ಹೇಗೆ?
ಹಳೇ ಬೆತ್ತ ಕತ್ತರಿಸಿ, ಚೌಕಟ್ಟಿನ ತೂತುಗಳನ್ನ ಬಿಡಿಸ್ತಾರೆ.
ಹೊಸ ಪಟ್ಟಿಯನ್ನ ನೀರಲ್ಲಿ ನೆನೆಸ್ತಾರೆ. ಒಣಗಿದ್ದರೆ ಬಗ್ಗಿಸುವಾಗ ಸೀಳುತ್ತೆ.
ಮೊದಲು ಉದ್ದಕ್ಕೆ. ಆಮೇಲೆ ಅಡ್ಡಕ್ಕೆ.
ಮತ್ತೆ ಉದ್ದ. ಮತ್ತೆ ಅಡ್ಡ.
ಕೊನೆಗೆ ಎರಡೂ ಕಡೆಯಿಂದ ಓರೆ.
ಒಟ್ಟು 6 ಸಲ. ಆಮೇಲೆ ಅಂಚಿಗೊಂದು ಪಟ್ಟಿ ಕಟ್ಟು.

ಬೆಳಕಿಗೆ ಹಿಡಿದು ನೋಡಿ.
ಎಂಟು ಮೂಲೆಯ ಪುಟ್ಟ ಕಿಂಡಿಗಳು, ಸಾಲು ಸಾಲು,
ಬೇಲೂರು, ಹಳೇಬೀಡಿನ ಗುಡಿಗಳ ಕಲ್ಲಿನ ಜಾಲಂಧ್ರದ ಹಾಗೆ!
ಗಾಳಿ ಆಡುತ್ತೆ. ಬೇಸಿಗೆಯಲ್ಲಿ ಕೂತರೂ ಬೆವರಲ್ಲ.

ಇದು ಬೆರಳ ತುದಿಯ ಸ್ಪರ್ಶ ನಂಬಿದ ಕೆಲಸ.
ಅದಕ್ಕೇ ದೃಷ್ಟಿಯಿಲ್ಲದವರ ತರಬೇತಿ ಕೇಂದ್ರಗಳಲ್ಲಿ ಇದನ್ನ ಬಹಳ ಕಾಲದಿಂದ ಕಲಿಸ್ತಾ ಬಂದಿದ್ದಾರೆ.
ಎಷ್ಟೋ ಸರ್ಕಾರಿ ಕಚೇರಿಗಳ ಕುರ್ಚಿ ಹೆಣೆದ ಕೈಗಳು ಅವರದೇ.

ನಿಮ್ಮ ಕುರ್ಚಿಯ ಬೆತ್ತ ಹರಿದಿಲ್ಲ, ಬರೀ ಜೋತು ಬಿದ್ದಿದೆಯಾ?
ಕುರ್ಚಿ ತಲೆಕೆಳಗು ಮಾಡಿ.
ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಬೆತ್ತದ ಅಡಿಗೆ ಒತ್ತಿ.
ಒಂದು ರಾತ್ರಿ ನೆರಳಲ್ಲಿ ಒಣಗಲಿ. ಬೆತ್ತ ಬಿಗಿಯಾಗುತ್ತೆ.
ಪೂರ್ತಿ ಒಣಗೋವರೆಗೂ ಯಾರನ್ನೂ ಕೂರಿಸಬೇಡಿ!