ಅಂಗಳವಿಲ್ಲದ ಮನೆಗೊಂದು ಏರಿಯಲ್

ಮನೆಯ ಮುಂದೆ ಅಂಗಳ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಎರಡು ತೆಂಗಿನ ಮರಗಳು, ಇಷ್ಟಿದ್ದವನನ್ನು ನಮ್ಮ ಹಿರಿಯರು ಭಾಗ್ಯವಂತನೆಂದು ಎಣಿಸುತ್ತಿದ್ದರು. ಈಗಿನ ಪಟ್ಟಣವಾಸಿಗಳಲ್ಲಿ ಅನೇಕರಿಗೆ ಅಂಗಳವೆಂದರೆ ಎರಡನೆಯ ಅಂತಸ್ತಿನ ಬಾಲ್ಕನಿ. ಹಿತ್ತಿಲೆಂದರೆ ಅದೇ ಬಾಲ್ಕನಿಯ ಮೂಲೆಯಲ್ಲಿರುವ ತುಳಸಿಯ ಕುಂಡ. ಇಂತಹ ಮನೆಯಲ್ಲಿರುವವನು ಉದ್ದವಾದ ತಂತಿಯನ್ನು ಬೇಡುವ ಹವ್ಯಾಸಿ ರೇಡಿಯೋ ವಿದ್ಯೆಯನ್ನು ನಡೆಸಿಕೊಂಡು ಹೋಗುವುದು ಸಾಧ್ಯವೇ ಎಂದು ಕೆಲವರು ಕೇಳುವುದುಂಟು. ಸಾಧ್ಯವೆಂಬುದನ್ನೂ, ಅದಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನೂ ಸ್ವಾನುಭವದಿಂದ ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಹವ್ಯಾಸಿ ರೇಡಿಯೋ ಎಂದರೇನೆಂಬುದನ್ನು ಮೊದಲು ಹೇಳಬೇಕಾಗಿದೆ. ಪ್ರಸಾರಕೇಂದ್ರದವರು ಕಳುಹಿಸಿದುದನ್ನು ನಾವು ಕೇಳಬಹುದೇ ಹೊರತು ಮರಳಿ ಮಾತನಾಡುವಂತಿಲ್ಲ. ಹವ್ಯಾಸಿಯಾದರೋ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಹೊಂದಿ, ಪರವಾನಗಿಯನ್ನೂ ತನ್ನದೇ ಆದ ಒಂದು ಸಂಕೇತನಾಮವನ್ನೂ ಪಡೆದು, ಲಾಭಾಪೇಕ್ಷೆಯಿಲ್ಲದೆ ತನ್ನಂತಹ ಇತರರೊಡನೆ ನಿಸ್ತಂತುವಾಗಿ ಸಂಭಾಷಿಸುತ್ತಾನೆ. ಮನೆಯೊಳಗಿನಿಂದ ರೇಡಿಯೋ ನಡೆಸುವ ಸಾಹಸವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪ್ರಸಾರಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬುದು ಆ ಕೇಂದ್ರದ ಹೆಸರು.

ನಾನು ಸಂಸ್ಕೃತದ ಉಪಾಧ್ಯಾಯನಾಗಿದ್ದವನು. ಇಂತಹವನನ್ನು ಈ ವಿದ್ಯೆಗೆ ಎಳೆದವರು ನಮ್ಮ ಪ್ರೌಢಶಾಲೆಯಲ್ಲಿಯೇ ವಿಜ್ಞಾನವನ್ನು ಬೋಧಿಸುತ್ತಿದ್ದ ಒಬ್ಬ ಹಿರಿಯ ಮಿತ್ರರು. ಚುಕ್ಕೆ ಮತ್ತು ಗೀಟುಗಳ ಮೋರ್ಸ್ ಲಿಪಿಯನ್ನು ಕಂಡು ನಾನು ಹಿಂಜರಿದಾಗ, "ಮೇಷ್ಟ್ರೇ, ಲಘು ಗುರು ಬಲ್ಲ ನಿಮಗೆ ಇದೇನು ಮಹಾ ಕಷ್ಟ?" ಎಂದು ಅವರು ನಕ್ಕರು. ನಿಜವೇ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೋರ್ಸ್‌ನಲ್ಲಿ ಗೀಟಿಗೆ ಚುಕ್ಕೆಯ ಮೂರರಷ್ಟು ಕಾಲ. ವೃತ್ತಗಳ ನಡಿಗೆಗೆ ಒಗ್ಗಿದ ಕಿವಿಗೆ ಈ ನಡಿಗೆಯೂ ಆರು ತಿಂಗಳಲ್ಲಿ ಒಗ್ಗಿತು.

ನಿವೃತ್ತರಾದ ಮೇಲೆ ಅವರು ಸಾಗರದ ಕಡೆಯ ತಮ್ಮ ಅಡಕೆ ತೋಟಕ್ಕೆ ಹೊರಟುಹೋದರು. ಪ್ರತಿ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ, 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ರೋಮನ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ ನಮ್ಮ ಕುಶಲಪ್ರಶ್ನೆ ನಡೆಯುತ್ತಿತ್ತು. ಕೈಯಲ್ಲಿಯೇ ದೂರವಾಣಿ ಇರಲಾಗಿ ಇದೇಕೆಂದು ವಾಚಕರು ಕೇಳಬಹುದು. ನನ್ನ ಮಿತ್ರರಿಗೆ ಕಿವಿ ಮಂದವಾಗಿದೆ. ದೂರವಾಣಿಯಲ್ಲಿ ಮನುಷ್ಯನ ಮಾತು ಅವರಿಗೆ ಬರಿಯ ಗೊಂದಲವಾಗಿ ಕೇಳುತ್ತದೆ. ಆದರೆ ಒಂದೇ ಶ್ರುತಿಯಲ್ಲಿ ಬರುವ ಮೋರ್ಸ್ ನಾದವು ಮಾತ್ರ ಇಂದಿಗೂ ಸ್ಪಷ್ಟವಾಗಿ ತಿಳಿಯುತ್ತದೆ. ಆದುದರಿಂದ ಅವರೊಡನೆ ಹರಟುವುದಕ್ಕೆ ನನಗಿದ್ದ ದಾರಿ ಇದೊಂದೇ.

ಆ ದಾರಿಗೆ ಆಧಾರವಾಗಿದ್ದುದು ನಮ್ಮ ಊರಿನ ಮನೆಯ ಎರಡು ತೆಂಗಿನ ಮರಗಳ ನಡುವೆ ಕಟ್ಟಿದ್ದ 20 ಮೀಟರ್ ತಂತಿ. ನಾನು ಮಗನ ಮನೆಗೆಂದು ಬೆಂಗಳೂರಿಗೆ ಬಂದಾಗ ಮರಗಳು ಅಲ್ಲಿಯೇ ಉಳಿದವು. ಇಲ್ಲಿಯ ಮಾಳಿಗೆಯ ಮೇಲೆ ನೀರಿನ ತೊಟ್ಟಿಗಳೂ ಬಿಸಿಲಿನಿಂದ ನೀರು ಕಾಯಿಸುವ ಯಂತ್ರಗಳೂ ತುಂಬಿವೆ; ತಂತಿ ಕಟ್ಟಲು ನಿವಾಸಿಗಳ ಸಂಘದವರು ಒಪ್ಪಲಿಲ್ಲ. ವಿಷಯವನ್ನು ಮಿತ್ರರಿಗೆ ಕಾಗದದಲ್ಲಿ ಬರೆದೆ. ಬಂದ ಉತ್ತರ ಎರಡೇ ಸಾಲು: "ಏರಿಯಲ್ ಇಲ್ಲದಿದ್ದರೆ ಮಾಡಿಕೊಳ್ಳಿ. ಭಾನುವಾರ ಎಂಟು ಗಂಟೆಗೆ ನಾನು ಎಂದಿನಂತೆ ಕೇಳುತ್ತಾ ಕೂತಿರುತ್ತೇನೆ." ಅದನ್ನು ಓದಿದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಏರಿಯಲ್ಲಿಗೆ ಅಷ್ಟು ಉದ್ದವೇಕೆ? ರೇಡಿಯೋ ತರಂಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. 300ನ್ನು ಮೆಗಾಹರ್ಟ್ಸ್‌ನಲ್ಲಿ ಹೇಳಿದ ಆವೃತ್ತಿಯಿಂದ ಭಾಗಿಸಿದರೆ ತರಂಗದ ಉದ್ದವು ಮೀಟರುಗಳಲ್ಲಿ ದೊರೆಯುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 42 ಮೀಟರ್. ತಂಬೂರಿಯ ತಂತಿಯು ತನ್ನ ಉದ್ದಕ್ಕೆ ತಕ್ಕ ಶ್ರುತಿಯಲ್ಲಿ ತಾನಾಗಿ ಮಿಡಿಯುವಂತೆ, ತರಂಗದ ಅರ್ಧಕ್ಕಿಂತ ತುಸು ಕಡಮೆ ಉದ್ದವುಳ್ಳ ತಂತಿಯು ಆ ಆವೃತ್ತಿಯಲ್ಲಿ ಸುಲಭವಾಗಿ ಮಿಡಿಯುತ್ತದೆ. ಆ ಅರ್ಧವೇ ನನ್ನ ತೆಂಗಿನ ಮರಗಳ ನಡುವಣ 20 ಮೀಟರ್.

ಹಾಗಾದರೆ 14 ಮೆಗಾಹರ್ಟ್ಸ್‌ನಲ್ಲಿ ಹತ್ತೇ ಮೀಟರ್ ಸಾಕಲ್ಲ ಎನ್ನಬಹುದು. ಅಲ್ಲೊಂದು ತೊಡಕಿದೆ. 14ರ ತರಂಗವು ಆಕಾಶದ ಅಯಾನುಮಂಡಲದಿಂದ ಮರಳಿ ಬಹು ದೂರದ ನಾಡುಗಳಲ್ಲಿ ಇಳಿಯುತ್ತದೆ. ಹತ್ತಿರದವರ ತಲೆಯ ಮೇಲೆ ಹಾರಿಹೋಗುತ್ತದೆ. ಬೆಂಗಳೂರಿನಿಂದ ಸಾಗರಕ್ಕೆ ನೇರವಾಗಿ ಸುಮಾರು 300 ಕಿಲೋಮೀಟರ್. ಹಗಲಿನಲ್ಲಿ ಅಷ್ಟು ದೂರಕ್ಕೆ ಒದಗುವುದು 7ರ ತರಂಗವೇ. ಅದು ಮೇಲೇರಿ, ಸುತ್ತಲಿನ ಕೆಲವು ನೂರು ಕಿಲೋಮೀಟರುಗಳ ಮೇಲೆ ಮಳೆಯಂತೆ ಮರಳಿ ಬೀಳುತ್ತದೆ.

ಸ್ಥಳಾಭಾವವಿದ್ದವರಿಗೆ ಮೂರು ಉಪಾಯಗಳಿವೆ. ಮೊದಲನೆಯದು ತಂತಿಯನ್ನು ಬಗ್ಗಿಸುವುದು. ಅರ್ಧತರಂಗದ ತಂತಿಯಲ್ಲಿ ವಿದ್ಯುತ್ಪ್ರವಾಹವು ನಡುವೆ ಹೆಚ್ಚು, ತುದಿಗಳಲ್ಲಿ ಬಹು ಕಡಮೆ. ಆದುದರಿಂದ ನಡುಭಾಗವನ್ನು ನೇರವಾಗಿಟ್ಟು ತುದಿಗಳನ್ನು ಗೋಡೆಯ ಉದ್ದಕ್ಕೆ ಇಳಿಬಿಟ್ಟರೂ ನಷ್ಟ ಅಲ್ಪವೇ. ಹತ್ತು ಹನ್ನೆರಡು ಮೀಟರ್ ಬಯಲು ಇದ್ದವರಿಗೆ ಇದಕ್ಕಿಂತ ಅಗ್ಗದ ದಾರಿ ಬೇರಿಲ್ಲ. ಎರಡನೆಯದು, ಗಿಡ್ಡವಾದ ಕೋಲಿನ ನಡುವೆ ತಂತಿಯ ಸುರುಳಿಯನ್ನು ಸೇರಿಸಿ ಉದ್ದದ ಕೊರತೆಯನ್ನು ತುಂಬುವುದು. ಆದರೆ ಇದಕ್ಕೆ ಕೆಳಗೆ ಹರಡಿದ ನೆಲತಂತಿಗಳು ಬೇಕು. ಮೂರನೆಯದು ಬಳೆ ಏರಿಯಲ್. ನನ್ನ ಬಾಲ್ಕನಿಗೆ ಹೊಂದಿದುದು ಇದೇ. ಇದು ಹೊಸ ಕಲ್ಪನೆಯೂ ಅಲ್ಲ: 1887-88ರಲ್ಲಿ ಜರ್ಮನಿಯ ಹೈನ್ರಿಚ್ ಹರ್ಟ್ಸ್ ರೇಡಿಯೋ ತರಂಗಗಳನ್ನು ಮೊದಲು ಪತ್ತೆಹಚ್ಚಿದುದು ಸಣ್ಣ ಸಂದಿಯುಳ್ಳ ಒಂದು ತಂತಿಯ ಬಳೆಯಿಂದಲೇ.

ಅದರ ರಚನೆ ಹೀಗೆ. ಹವಾನಿಯಂತ್ರಣ ಯಂತ್ರಕ್ಕೆ ಬಳಸುವ, ಸುಮಾರು 15 ಮಿಲಿಮೀಟರ್ ದಪ್ಪದ ತಾಮ್ರದ ಕೊಳವೆಯನ್ನು 3.14 ಮೀಟರ್ ಕೊಂಡು, 1 ಮೀಟರ್ ವ್ಯಾಸದ ಬಳೆಯಾಗಿ ಬಗ್ಗಿಸಬೇಕು. ತುದಿಗಳೆರಡನ್ನೂ ಕೂಡಿಸದೆ, ನಡುವಿನ ಸಂದಿಗೆ ಒಂದು ಗ್ಯಾಂಗ್ ಕಂಡೆನ್ಸರನ್ನು ಸೇರಿಸಬೇಕು. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಸ್ಟೇಷನ್ ತಿರುಗಿಸುವುದಕ್ಕೆ ಇರುತ್ತಿದ್ದ ಎರಡು ಗ್ಯಾಂಗಿನ ಕಂಡೆನ್ಸರೇ ಸಾಕು. ಅದರ ಎರಡು ಸ್ಥಿರಭಾಗಗಳಿಗೆ ಬಳೆಯ ಎರಡು ತುದಿಗಳನ್ನು ಜೋಡಿಸಿದರೆ, ತಿರುಗುವ ಭಾಗಕ್ಕೆ ಯಾವ ಉಜ್ಜುವ ಸಂಪರ್ಕವೂ ಬೇಕಿಲ್ಲ. ಕಿಡಿ ಹಾರದಂತೆ ತಡೆಯುವ ಶಕ್ತಿಯೂ ಇಮ್ಮಡಿಯಾಗುತ್ತದೆ. ಈ ಬಳೆಗೆ 14.2 ಮೆಗಾಹರ್ಟ್ಸ್‌ನಲ್ಲಿ ಸುಮಾರು 47 ಪಿಕೋಫ್ಯಾರಡ್, 7.1ರಲ್ಲಿ ಸುಮಾರು 187 ಪಿಕೋಫ್ಯಾರಡ್ ಬೇಕಾಗುತ್ತದೆ. ಬಳೆಯನ್ನು ಮರದ ಕಂಬಕ್ಕೆ ಲಂಬವಾಗಿ ನಿಲ್ಲಿಸಿ, ಕಂಡೆನ್ಸರನ್ನು ಮೇಲ್ತುದಿಗಿಟ್ಟು, ಕೆಳಭಾಗದ ಒಳಗೆ 20 ಸೆಂಟಿಮೀಟರ್ ವ್ಯಾಸದ ಇನ್ನೊಂದು ಚಿಕ್ಕ ತಂತಿಬಳೆಯನ್ನು ಕೂರಿಸಬೇಕು. ರೇಡಿಯೋದಿಂದ ಬರುವ ಕೇಬಲ್ ಸೇರತಕ್ಕದ್ದು ಈ ಚಿಕ್ಕ ಬಳೆಗೆ. ದೊಡ್ಡದಕ್ಕೂ ಚಿಕ್ಕದಕ್ಕೂ ಲೋಹಸಂಬಂಧ ಬೇಕಿಲ್ಲ. ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿನಿಂದ ಆದಷ್ಟು ದೂರವಿರಲಿ.

ಶ್ರುತಿಮಾಡುವ ಕ್ರಮ ಸುಲಭ. ಮೊದಲು ಕೇಳುತ್ತಾ ಕಂಡೆನ್ಸರನ್ನು ಮೆಲ್ಲಗೆ ತಿರುಗಿಸಿದರೆ, ಒಂದೆಡೆ ಆಕಾಶದ ಮೊರೆತವು ಥಟ್ಟನೆ ಹೆಚ್ಚುತ್ತದೆ, ಅದೇ ಸ್ಥಾನ. ಅನಂತರ ಅಲ್ಪಶಕ್ತಿಯಲ್ಲಿ ಕಳುಹಿಸಿ, ಮೀಟರಿನಲ್ಲಿ ಮರಳಿ ಬರುವ ಶಕ್ತಿಯು ಕನಿಷ್ಠವಾಗುವಂತೆ ತಿದ್ದಬೇಕು. ಈ ಸ್ಥಾನ ಬಹು ಇಕ್ಕಟ್ಟಾದುದು. ಆವೃತ್ತಿಯನ್ನು ಕೆಲವೇ ಕಿಲೋಹರ್ಟ್ಸ್ ಬದಲಿಸಿದರೂ ಪುನಃ ಶ್ರುತಿಮಾಡಬೇಕು.

ನಾನು ಇಷ್ಟನ್ನೂ ಮಾಡಿ, 5 ವಾಟ್ ಶಕ್ತಿಯಲ್ಲಿ ಭಾನುವಾರ ಎಂಟಕ್ಕೆ ಕರೆದೆ. ಮಿತ್ರರ ಧ್ವನಿ ನನಗೆ ಕೇಳಿಸಿತು. ನನ್ನದು ಅವರಿಗೆ ಕೇಳಿಸಲಿಲ್ಲ. ನನ್ನ ಸಂಕೇತನಾಮವನ್ನೇ ಮತ್ತೆ ಮತ್ತೆ ಕರೆದು, ಕಾಲು ಗಂಟೆ ಕಾದು, ಅವರು ಮೌನವಾದರು. ಮುಂದಿನ ಭಾನುವಾರವೂ ಹಾಗೆಯೇ ಆಯಿತು. ಕರೆಯುತ್ತಿರುವವರು ಕೇಳಿಸುತ್ತಿದ್ದೂ ಓಗೊಡಲಾರದ ಸಂಕಟ ಎಂಥದೆಂಬುದನ್ನು ಆಗ ತಿಳಿದೆ.

ದೋಷವೆಲ್ಲಿ? ಅದನ್ನು ಕಂಡುಹಿಡಿದವಳು ಹೈಸ್ಕೂಲಿನಲ್ಲಿ ಓದುವ ನನ್ನ ಮೊಮ್ಮಗಳು. ರೇಡಿಯೋ ನಿಲ್ಲಿಸಿದ ಮೇಲೆ, ಬಳೆಯನ್ನು ಒಳಗಿಡಲು ಹೋದವಳು, "ತಾತ, ಈ ಬೋಲ್ಟು ಬೆಚ್ಚಗಿದೆ" ಎಂದಳು. ಕೊಳವೆಯ ತುದಿಗಳನ್ನು ನಾನು ಕಂಡೆನ್ಸರಿಗೆ ಬೋಲ್ಟು ನಟ್ಟುಗಳಿಂದ ಬಿಗಿದಿದ್ದೆ. ಆ ಬಿಸಿಯೇ ನನ್ನ ಮಾತನ್ನು ನುಂಗಿದ ಕಳ್ಳ.

ಇಲ್ಲಿಯೇ ಈ ವಿದ್ಯೆಯ ಮರ್ಮವಿದೆ. ಏರಿಯಲ್ಲಿಗೆ ಕೊಟ್ಟ ಶಕ್ತಿಯಲ್ಲಿ ಆಕಾಶಕ್ಕೆ ಹೊರಡುವ ಪಾಲನ್ನು ಪ್ರಸರಣ ರೋಧವೆಂಬ ಅಳತೆಯಿಂದ ತಿಳಿಯುತ್ತಾರೆ. ಬಯಲಿನಲ್ಲಿ ಎತ್ತರವಾಗಿ ಕಟ್ಟಿದ ಅರ್ಧತರಂಗದ ತಂತಿಗೆ ಅದು ಸುಮಾರು 73 ಓಮ್. ನನ್ನ ಬಳೆಗೆ 14.2 ಮೆಗಾಹರ್ಟ್ಸ್‌ನಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲು; 7.1ರಲ್ಲಿಯಂತೂ ಸಾವಿರದ ಆರು ಪಾಲು ಮಾತ್ರ. ಕೊಳವೆಯ ತಾಮ್ರವೇ ಸುಮಾರು 0.046 ಓಮಿನಷ್ಟು ತಡೆಯೊಡ್ಡಿ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ಆದುದರಿಂದ ಜೋಡಣೆ ನಿರ್ದುಷ್ಟವಾಗಿದ್ದರೂ 5 ವಾಟಿನಲ್ಲಿ ಹೊರಡುವುದು ಅರ್ಧ ವಾಟ್. ಬೋಲ್ಟಿನ ಸಂದಿಯಲ್ಲಿ 0.1 ಓಮ್ ತಡೆಯಿದ್ದರಂತೂ ಮೂರು ವಾಟಿಗಿಂತ ಹೆಚ್ಚು ಅಲ್ಲಿಯೇ ಉರಿದುಹೋಗಿ, ಹೊರಡುವುದು ಒಂದು ವಾಟಿನ ಐದನೆಯ ಒಂದು ಪಾಲು. ದೊಡ್ಡ ತಂತಿಯಲ್ಲಿ ಲೆಕ್ಕಕ್ಕೇ ಬಾರದ ಇಂತಹ ತಡೆಯು ಚಿಕ್ಕ ಬಳೆಯಲ್ಲಿ ಸರ್ವಸ್ವವನ್ನೂ ಅಪಹರಿಸುತ್ತದೆ. ಉದ್ದದಲ್ಲಿ ಮಾಡಿದ ಉಳಿತಾಯವನ್ನು ಶ್ರದ್ಧೆಯಲ್ಲಿ ತೆರಬೇಕು. ಪ್ರಕೃತಿಯು ಇದರಲ್ಲಿ ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ.

ಮರುದಿನ ಬೀದಿಯ ಕೊನೆಯ ಫ್ರಿಜ್ ರಿಪೇರಿ ಅಂಗಡಿಗೆ ಬಳೆಯನ್ನು ಹೊತ್ತುಕೊಂಡು ಹೋದೆ. ಅಲ್ಲಿಯ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಇದಕ್ಕೆ ಗ್ಯಾಸ್ ಎಲ್ಲಿ ತುಂಬೋದು?" ಎಂದು ಕೇಳಿದ. ವಿಷಯ ತಿಳಿದ ಮೇಲೆ ಕೊಳವೆಯ ತುದಿಗಳಿಗೆ ಅಗಲವಾದ ತಾಮ್ರದ ಪಟ್ಟಿಗಳನ್ನು ಬೆಂಕಿಯಿಂದ ಚೊಕ್ಕವಾಗಿ ಬೆಸೆದುಕೊಟ್ಟ. ಪಟ್ಟಿಗಳ ಇನ್ನೊಂದು ತುದಿಯನ್ನು ನಾನೇ ಕಂಡೆನ್ಸರಿಗೆ ಬೆಸುಗೆ ಹಾಕಿದೆ. ಇಡೀ ಬಳೆಯಲ್ಲಿ ಒಂದು ಬೋಲ್ಟೂ ಉಳಿಯಲಿಲ್ಲ.

ಮೂರನೆಯ ಭಾನುವಾರ ಎಂಟು ಗಂಟೆಗೆ ಕರೆದೆ. ಕ್ಷಣಕಾಲ ಏನೂ ಇಲ್ಲ. ಅನಂತರ, ಆ ಪರಿಚಿತವಾದ ನಿಧಾನದ ಕೈ ಮೂಡಿತು: "ಕ್ಷೀಣ, ಆದರೆ ಸ್ಪಷ್ಟ. ಮೇಷ್ಟ್ರೇ, ಎಷ್ಟು ದಿನವಾಯಿತು!" ಅರ್ಧ ವಾಟಿನ ಆ ನಾದವು ಘಟ್ಟದ ಅಂಚಿನ ಒಂದು ತೋಟದ ಮನೆಯನ್ನು ಮುಟ್ಟಿತ್ತು.

ಇದನ್ನು ಮಾಡಹೊರಡುವವರಿಗೆ ಕೆಲವು ಎಚ್ಚರಿಕೆಯ ಮಾತುಗಳು. ಪರವಾನಗಿಯಿಲ್ಲದೆ ಯಾರೂ ಪ್ರಸಾರಮಾಡಕೂಡದು. ಐದೇ ವಾಟಿನಲ್ಲಿಯೂ ಕಂಡೆನ್ಸರಿನ ಮೇಲೆ ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡವಿರುತ್ತದೆ. ಮುಟ್ಟಿದರೆ ಸುಟ್ಟ ಗಾಯವಾಗುತ್ತದೆ. ಅದನ್ನು ತಿರುಗಿಸಲು ಉದ್ದವಾದ ಪ್ಲಾಸ್ಟಿಕ್ ಕೋಲನ್ನು ಜೋಡಿಸಿಕೊಳ್ಳಬೇಕು. ಕಳುಹಿಸುವಾಗ ಮಕ್ಕಳೂ ದೊಡ್ಡವರೂ ಬಳೆಯಿಂದ ಎರಡು ಮೂರು ಮೀಟರ್ ದೂರವಿರಬೇಕು. ವಿದ್ಯುಚ್ಛಕ್ತಿಯ ಸರಬರಾಜು ತಂತಿಗಳ ಸಮೀಪದಲ್ಲಿ ಯಾವ ಏರಿಯಲ್ಲನ್ನೂ ಕಟ್ಟಬಾರದು. ಗುಡುಗು ಮಿಂಚು ಕಂಡೊಡನೆ ಕೇಬಲ್ ಕಳಚಿ ಬಳೆಯನ್ನು ಒಳಗೆ ತರಬೇಕು.

ಇದು ಬರಿಯ ವಿನೋದವೆಂದು ಎಣಿಸುವವರು 2004ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ಡಿಸೆಂಬರ್ 26ರ ಸುನಾಮಿಯಿಂದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಸಂಪರ್ಕ ಕಡಿದಾಗ, ಆಗ ಪೋರ್ಟ್‌ಬ್ಲೇರ್ ಎನಿಸಿದ್ದ ಪಟ್ಟಣದಲ್ಲಿ ಹವ್ಯಾಸಿ ಕೇಂದ್ರವನ್ನು ನಡೆಸುತ್ತಿದ್ದ ಭಾರತಿ ಪ್ರಸಾದ್ ಅವರೂ ಅವರ ಸಂಗಡಿಗರೂ ಅಲ್ಲಿಯ ವಾರ್ತೆಯನ್ನು ಹೊರಕ್ಕೆ ಮುಟ್ಟಿಸಿದರು. ಮನೆಮನೆಯಲ್ಲಿ ಉಳಿದುಬಂದ ವಿದ್ಯೆಯೇ ಇಂತಹ ವೇಳೆಯಲ್ಲಿ ಊರಿಗೆ ಒದಗುವುದು. ಸ್ಥಳವಿಲ್ಲವೆಂಬ ಒಂದೇ ಕಾರಣದಿಂದ ಅದನ್ನು ಬಿಡಬೇಕಾಗಿಲ್ಲ.

ನಮ್ಮ ಬಳೆ ಈಗ ತುಳಸಿಯ ಕುಂಡದ ಪಕ್ಕದಲ್ಲಿ ನಿಂತಿದೆ. ಮೊಮ್ಮಗಳು ಮೋರ್ಸ್ ಕಲಿಯಲು ತೊಡಗಿದ್ದಾಳೆ. ಅವಳ ಗೀಟುಗಳು ಇನ್ನೂ ಎರಡೇ ಮಾತ್ರೆಯವು. ಸಾಗರದ ಮೇಷ್ಟರು ಅದನ್ನು ಕೇಳಿದೊಡನೆ ಗುರುತಿಸಿ, ತಾಳ್ಮೆಯಿಂದ ತಿದ್ದುತ್ತಿದ್ದಾರೆ.